ದೂರದ ಹಡಗು ನುಣ್ಣಗೆ

ನವೆಂಬರ್ ಬಂತೆಂದರೆ ನಮ್ಮ ಕನ್ನಡ ಮನೆಗಳಲ್ಲಿ ಎರಡು ಬಗೆಯ ಸಡಗರ. ಒಂದು ಕಡೆ ರಾಜ್ಯೋತ್ಸವದ ನಾಟಕಕ್ಕೆ ಪೇಟ, ಶಲ್ಯ, ಹಳದಿ-ಕೆಂಪು ಬಾವುಟ. ಇನ್ನೊಂದು ಕಡೆ, ಥ್ಯಾಂಕ್ಸ್‌ಗಿವಿಂಗ್ ಹತ್ತಿರವಾದಂತೆ ಶಾಲೆಯಿಂದ ಬರುವ ಚೀಟಿ: ಶೂ ಡಬ್ಬಿಯಲ್ಲಿ ಮೇಫ್ಲವರ್ ಹಡಗು ಮಾಡಿ ತನ್ನಿ. ರಾಜ್ಯೋತ್ಸವದ ನಾಟಕಕ್ಕೆ ಈ ಪತ್ರಿಕೆಯಲ್ಲಿ ವಿಮರ್ಶೆ ಬರುತ್ತದೆ. ಯಾರು ಮಾತು ಮರೆತರು, ಯಾರ ಮೀಸೆ ಉದುರಿತು ಎಂಬುದೆಲ್ಲ ಅಚ್ಚಾಗುತ್ತದೆ. ಆದರೆ ನಮ್ಮ ಮಕ್ಕಳು ಶಾಲೆಯಲ್ಲಿ ವರ್ಷವರ್ಷವೂ ಆಡುವ ಹಡಗಿನ ಆಟಕ್ಕೆ ಮಾತ್ರ ವಿಮರ್ಶಕರೇ ಇಲ್ಲ. ಸಂಪಾದಕರು ಪುಟ ಕೊಟ್ಟಿದ್ದಾರೆ, ಆದ್ದರಿಂದ ಆ ಕೆಲಸಕ್ಕೆ ನಾವು ಕೈ ಹಾಕಿದ್ದೇವೆ.

ನಾವು ವೃತ್ತಿಯಿಂದ ವೈದ್ಯರು. ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಈ ದೇಶದಲ್ಲಿ ರೆಸಿಡೆನ್ಸಿ ಮಾಡಿದವರು. ಶಿಕ್ಷಣತಜ್ಞರೆಂಬ ಹಮ್ಮು ನಮಗಿಲ್ಲ. ಆದರೆ ಮಕ್ಕಳ ತರಗತಿಗಳಲ್ಲಿ ಸಹಾಯಕ ಪೋಷಕರಾಗಿ ಅಂಟು, ಕತ್ತರಿ ಹಿಡಿದು ಹಲವು ಮಧ್ಯಾಹ್ನ ನಿಂತಿದ್ದೇವೆ. ಅಲ್ಲಿ ಕಂಡದ್ದರ ಆಧಾರದ ಮೇಲೆ ನಾಲ್ಕು ಮಾತು.

ಮೊದಲು ಆಟದ ಸ್ವರೂಪ. ತರಗತಿಯ ನೆಲದ ಮೇಲೆ ಟೇಪ್ ಅಂಟಿಸಿ ಹಡಗಿನ ಒಳ ಅಟ್ಟದ ಒಂದು ಭಾಗವನ್ನು ಗುರುತಿಸುತ್ತಾರೆ. ಇಪ್ಪತ್ತೈದು ಮಕ್ಕಳು ಅದರೊಳಗೆ ಒತ್ತಾಗಿ ಕೂರುತ್ತಾರೆ. ಹಿಟ್ಟು, ನೀರು, ಉಪ್ಪು ಕಲಸಿ ಹಾರ್ಡ್‌ಟ್ಯಾಕ್ ಎಂಬ ಹಡಗಿನ ಬಿಸ್ಕತ್ತು ಬೇಯಿಸುತ್ತಾರೆ. ಪೆಟ್ಟಿಗೆಯಲ್ಲಿ ಹತ್ತೇ ಸಾಮಾನು ಹಿಡಿಯುವುದಾದರೆ ಏನು ಒಯ್ಯುತ್ತೀರಿ ಎಂದು ಪಟ್ಟಿ ಮಾಡಿಸುತ್ತಾರೆ. ಪ್ರಯಾಣಿಕನ ದಿನಚರಿ ಎಂದು ಎರಡು ಪುಟ ಬರೆಸುತ್ತಾರೆ. ಕೊನೆಗೆ ಒಬ್ಬ ಹುಡುಗ ಮೇಜಿನ ಮೇಲೆ ಹತ್ತಿ "ನೆಲ ಕಂಡಿತು!" ಎಂದು ಕೂಗುತ್ತಾನೆ. ಚಪ್ಪಾಳೆ. ಆಮೇಲೆ ಕುಂಬಳಕಾಯಿ ಕಡುಬು ತಿನ್ನುವುದು.

ಇದರಲ್ಲಿ ಮೆಚ್ಚುವಂಥದ್ದು ಬೇಕಾದಷ್ಟಿದೆ. ನಾವು ಓದುವಾಗ ಕೊಲಂಬಸ್ಸು, ವಾಸ್ಕೋ ಡ ಗಾಮ ಎಲ್ಲರೂ ಇಸವಿಗಳಾಗಿದ್ದರು. ಉರು ಹೊಡೆದೆವು, ಪರೀಕ್ಷೆಯಲ್ಲಿ ಕಕ್ಕಿದೆವು, ಮರೆತೆವು. 102 ಪ್ರಯಾಣಿಕರು ಎಂಬುದು ಪುಸ್ತಕದಲ್ಲಿ ಬರೀ ಅಂಕಿ. ನೆಲದ ಮೇಲೆ ಟೇಪ್ ಅಂಟಿಸಿ, ಇಪ್ಪತ್ತೈದು ಮಕ್ಕಳಿಗೇ ಕಾಲು ಚಾಚಲು ಜಾಗ ಸಾಲದೆಂದು ಕಂಡಾಗ ಆ ಅಂಕಿಗೆ ಮೈ ಬರುತ್ತದೆ. ಹಾಡ್ತಾ ಹಾಡ್ತಾ ರಾಗ ಎಂಬ ಗಾದೆಯನ್ನು ನಾವು ನಂಬುವವರೇ. ಕೈಗೆ ಕೆಲಸ ಕೊಟ್ಟು ಕಲಿಸುವ ಈ ದೇಶದ ಪದ್ಧತಿ ನಮ್ಮ ಕಾಲದ ಉರು ಹೊಡೆಯುವ ಪದ್ಧತಿಗಿಂತ ಮೇಲು ಎಂಬುದರಲ್ಲಿ ನಮಗೆ ಸಂದೇಹವಿಲ್ಲ.

ನಮ್ಮ ತಕರಾರು ಇರುವುದು, ಕೈಗೆ ಯಾವ ಕೆಲಸ ಕೊಡುತ್ತೇವೆ ಮತ್ತು ಆಟವನ್ನು ಎಲ್ಲಿಗೆ ನಿಲ್ಲಿಸುತ್ತೇವೆ ಎಂಬ ಎರಡು ವಿಷಯಗಳಲ್ಲಿ.

ಒಂದನೆಯದು. ಕೈ ಕೆಲಸವನ್ನು ಕಲಿಯಬಲ್ಲದು, ಕಷ್ಟವನ್ನು ಕಲಿಯಲಾರದು. ಹತ್ತು ನಿಮಿಷ ಒತ್ತಾಗಿ ಕೂತ ಮಗುವಿಗೆ ಅದೊಂದು ಮೋಜು, ಕಚಗುಳಿ. ಬಿಸ್ಕತ್ತು ಗಟ್ಟಿಯಾಗಿದೆಯೆಂದು ಯಾರೋ ಜೇನುತುಪ್ಪ ತಂದಿಡುತ್ತಾರೆ. ಗಂಟೆ ಹೊಡೆದರೆ ಹೊರಗೆ ಬಸ್ಸು ನಿಂತಿರುತ್ತದೆ. ಇದಾದ ಮೇಲೆ "ಆ ಜನ ಎಷ್ಟು ಕಷ್ಟಪಟ್ಟರೆಂದು ನಿಮಗೀಗ ಗೊತ್ತಾಯಿತಲ್ಲವೆ?" ಎಂದು ಕೇಳಿದರೆ ಮಕ್ಕಳು ಹೌದೆನ್ನುತ್ತಾರೆ. ನಿಜವಾಗಿ ಗೊತ್ತಾಗಿರುವುದಿಲ್ಲ. ಗೊತ್ತಾಯಿತೆಂಬ ಭ್ರಮೆ, ಗೊತ್ತಿಲ್ಲದಿರುವುದಕ್ಕಿಂತ ಅಪಾಯ. ಆಸ್ಪತ್ರೆಯಲ್ಲಿ ನಾವು ಹೊಸ ವಿದ್ಯಾರ್ಥಿಗಳಿಗೆ ಹೇಳುವ ಮಾತಿದು: ರೋಗಿಯ ನೋವು ನಿಮ್ಮದೆಂದು ನಟಿಸಬೇಡಿ, ನಾಡಿ ನೋಡುವುದನ್ನು ಕಲಿಯಿರಿ.

ಈ ನಟನೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎನ್ನುವುದಕ್ಕೆ ಉದಾಹರಣೆ ಈ ದೇಶದಲ್ಲೇ ಇದೆ. ಇದೇ ಟೇಪ್, ಇದೇ ನೆಲದ ಉಪಾಯವನ್ನು ಕೆಲವು ಕಡೆ ಗುಲಾಮರ ಹಡಗಿನ ಪಾಠಕ್ಕೂ ಬಳಸಿ, ಮಕ್ಕಳನ್ನು ಸಾಲಾಗಿ ಮಲಗಿಸಿದ್ದುಂಟು. ಕಪ್ಪು ಜನರ ಮನೆಗಳಿಂದ ಆಕ್ಷೇಪ ಬಂತು. ಬಾರದೆ ಏನು? ಅಟ್ಲಾಂಟಿಕ್ ಗುಲಾಮ ವ್ಯಾಪಾರದಲ್ಲಿ ಆಫ್ರಿಕದ ತೀರದಿಂದ ಹಡಗು ಹತ್ತಿಸಲಾದವರು ಸುಮಾರು 1 ಕೋಟಿ 25 ಲಕ್ಷ ಜನ ಎಂದು ಇತಿಹಾಸಕಾರರ ಲೆಕ್ಕ. ಆಚೆ ದಡದಲ್ಲಿ ಜೀವಂತ ಇಳಿದವರು ಸುಮಾರು 1 ಕೋಟಿ 7 ಲಕ್ಷ. ನಡುವಿನ ವ್ಯತ್ಯಾಸ ಸಮುದ್ರದ ಪಾಲು. ಅದನ್ನು ಆಟವಾಗಿ ಆಡಿಸಬಾರದೆಂದು ಎಲ್ಲರಿಗೂ ತಿಳಿಯುತ್ತದೆ. ಹಾಗಾದರೆ ಮೇಫ್ಲವರಿನ ಸಾವುಗಳನ್ನು ಆಟವಾಡಿಸುವುದು ಸರಿ ಹೇಗಾಯಿತು? ದೂರದ ಬೆಟ್ಟದ ಹಾಗೆ ದೂರದ ಹಡಗೂ ನುಣ್ಣಗೆ ಕಾಣುತ್ತದೆ, ಅಷ್ಟೆ.

ಎರಡನೆಯದು, "ನೆಲ ಕಂಡಿತು" ಎಂದು ಪರದೆ ಎಳೆಯುವುದು. ವೈದ್ಯರ ಕಣ್ಣಿಗೆ ಈ ಆಟದ ದೊಡ್ಡ ದೋಷ ಇದೇ. ಮೇಫ್ಲವರ್ ಇಂಗ್ಲೆಂಡಿನ ಪ್ಲಿಮತ್ ಬಿಟ್ಟದ್ದು 1620ರ ಸೆಪ್ಟೆಂಬರ್ 6ರಂದು, ಕೇಪ್ ಕಾಡ್‌ನಲ್ಲಿ ಲಂಗರು ಹಾಕಿದ್ದು ನವೆಂಬರ್ 11ರಂದು. ಇದು ಆಗಿನ ಇಂಗ್ಲಿಷ್ ಪಂಚಾಂಗದ ಲೆಕ್ಕ, ಈಗಿನದಕ್ಕೆ ಹತ್ತು ದಿನ ಕೂಡಿಸಬೇಕು. ಒಟ್ಟು 66 ದಿನ. ಆ 66 ದಿನಗಳಲ್ಲಿ ಪ್ರಯಾಣಿಕರಲ್ಲಿ ಸತ್ತವನು ಒಬ್ಬನೇ, ವಿಲಿಯಂ ಬಟನ್ ಎಂಬ ಹುಡುಗ. ಅವನು ಸ್ಯಾಮ್ಯುಯೆಲ್ ಫುಲರ್ ಎಂಬಾತನ ಆಳು, ಆ ಫುಲರನೇ ಮುಂದೆ ವಸಾಹತಿಗೆ ವೈದ್ಯ. ಸಮುದ್ರದ ಮೇಲೆ ಒಂದು ಮಗು ಹುಟ್ಟಿತು ಕೂಡ. ಓಷಿಯಾನಸ್ ಎಂದು ಹೆಸರಿಟ್ಟರು. ಅಂದರೆ ಲೆಕ್ಕಕ್ಕೆ ಲೆಕ್ಕ ಸರಿಹೋಯಿತು! ಆಟ ಇಲ್ಲಿಗೆ ಮುಗಿದರೆ ಮಗುವಿನ ಮನಸ್ಸಿನಲ್ಲಿ ಉಳಿಯುವುದು ಇಷ್ಟೇ: ಬಿರುಗಾಳಿ ಬಂತು, ತೊಲೆ ಬಿರುಕು ಬಿಟ್ಟಿತು, ದೊಡ್ಡ ಕಬ್ಬಿಣದ ತಿರುಪು ಕೊಟ್ಟು ಎತ್ತಿ ನಿಲ್ಲಿಸಿದರು, ಗೆದ್ದರು.

ಸಾವು ಬಂದದ್ದು ದಡ ಮುಟ್ಟಿದ ಮೇಲೆ. ಚಳಿಗಾಲ ಶುರುವಾಗಿತ್ತು, ಮನೆಗಳಿರಲಿಲ್ಲ, ಹೆಚ್ಚಿನವರು ಹಡಗಿನಲ್ಲೇ ಉಳಿದರು. ವಸಂತ ಬರುವಷ್ಟರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಹೋಗಿದ್ದರು. ದೊಡ್ಡ ಹೆಂಗಸರು ಹದಿನೆಂಟು ಜನ ಹೊರಟಿದ್ದರು, ಮರುವರ್ಷದ ಸುಗ್ಗಿಯ ಊಟಕ್ಕೆ ಉಳಿದಿದ್ದವರು ನಾಲ್ವರು. ಕೆಟ್ಟ ದಿನಗಳಲ್ಲಿ ಇಬ್ಬರು ಮೂವರು ಸಾಯುತ್ತಿದ್ದರು. ಎದ್ದು ಓಡಾಡುವ ಶಕ್ತಿ ಇದ್ದವರು ಆರೇಳು ಜನ, ಅವರೇ ಮಿಕ್ಕವರಿಗೆಲ್ಲ ಸೌದೆ ಹೊತ್ತು, ಗಂಜಿ ಕುಡಿಸಿ, ಬಟ್ಟೆ ಒಗೆದರು ಎಂದು ವಸಾಹತಿನ ಗವರ್ನರ್ ವಿಲಿಯಂ ಬ್ರಾಡ್‌ಫರ್ಡ್ ಬರೆದಿಟ್ಟಿದ್ದಾನೆ. ಕಾರಣವನ್ನೂ ಅವನೇ ಹೇಳಿದ್ದಾನೆ: ಸ್ಕರ್ವಿ ಮತ್ತು ಇತರ ರೋಗಗಳು.

ಸ್ಕರ್ವಿ ಎಂದರೆ ಮೈಯಲ್ಲಿ ಸಿ ಜೀವಸತ್ವ ಬರಿದಾಗುವುದು. ನಮ್ಮ ಚರ್ಮ, ರಕ್ತನಾಳ, ಒಸಡುಗಳನ್ನು ಹಿಡಿದಿಟ್ಟಿರುವ ಕೊಲಾಜೆನ್ ಎಂಬ ನಾರು ಗಟ್ಟಿಯಾಗಲು ಅದು ಬೇಕು. ಅದಿಲ್ಲದಿದ್ದರೆ ಒಸಡಿನಲ್ಲಿ ರಕ್ತ, ಕಾಲಿನಲ್ಲಿ ಕಪ್ಪು ಕಲೆ, ಹಳೆಯ ಗಾಯ ಮತ್ತೆ ಬಾಯಿ ಬಿಡುವುದು, ಕೊನೆಗೆ ಸಾವು. ಇದು ಒಂದೇ ದಿನಕ್ಕೆ ಬರುವ ರೋಗವಲ್ಲ. ಹಣ್ಣು ತರಕಾರಿ ನಿಂತು ಒಂದರಿಂದ ಮೂರು ತಿಂಗಳಿಗೆ ತಲೆಯೆತ್ತುತ್ತದೆ. ಮೇಫ್ಲವರ್ ಸೌತಾಂಪ್ಟನ್ನಿನಿಂದ ಮೊದಲ ಸಲ ಹೊರಟದ್ದು ಆಗಸ್ಟಿನಲ್ಲಿ. ಜೊತೆಗಿದ್ದ ಸ್ಪೀಡ್‌ವೆಲ್ ಎಂಬ ಹಡಗು ಸೋರಿ, ಎರಡು ಸಲ ಬಂದರಿಗೆ ತಿರುಗಿ ಬರಬೇಕಾಯಿತು. ಕೊನೆಗೆ ಅದನ್ನು ಬಿಟ್ಟೇ ಹೊರಟರು. ದಾಸ್ತಾನು ದಡದಲ್ಲೇ ಕರಗತೊಡಗಿತ್ತು. ಉಪ್ಪು ಮಾಂಸ, ಬಿಸ್ಕತ್ತು, ಬಟಾಣಿ, ಬಿಯರ್, ಇವುಗಳ ಮೇಲೆ ಅಷ್ಟು ದಿನ ಬದುಕಿದ ಮೈ ಚಳಿಗಾಲಕ್ಕೆ ಬರಿಗೈಯಲ್ಲಿ ಬಂತು. ಹೀಗೆ ನೋಡಿದರೆ "ನೆಲ ಕಂಡಿತು" ಎಂಬಲ್ಲಿ ಪಾಠ ಮುಗಿಯುವುದಿಲ್ಲ, ಅಲ್ಲಿಂದಲೇ ಶುರು.

ಹಾಗೆಂದು ಮಕ್ಕಳಿಗೆ ಸ್ಕರ್ವಿಯ ನಟನೆ ಮಾಡಿಸಬೇಕೆ? ಬೇಡ. ಅವರಿಗೆ ಕೆಲಸ ಕೊಡಿ. 1747ರಲ್ಲಿ ಸಾಲಿಸ್‌ಬರಿ ಎಂಬ ಯುದ್ಧನೌಕೆಯಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಹನ್ನೆರಡು ಸ್ಕರ್ವಿ ರೋಗಿಗಳನ್ನು ಆರು ಜೋಡಿ ಮಾಡಿದ. ಎಲ್ಲರಿಗೂ ಒಂದೇ ಊಟ, ಒಂದೇ ಜಾಗ. ಔಷಧ ಮಾತ್ರ ಬೇರೆ ಬೇರೆ. ಒಂದು ಜೋಡಿಗೆ ಸೇಬಿನ ಹುಳಿಮದ್ಯ, ಒಂದಕ್ಕೆ ನೀರು ಬೆರೆಸಿದ ಗಂಧಕಾಮ್ಲ, ಒಂದಕ್ಕೆ ವಿನೆಗರ್, ಒಂದಕ್ಕೆ ಸಮುದ್ರದ ನೀರು, ಒಂದಕ್ಕೆ ಬೆಳ್ಳುಳ್ಳಿ-ಸಾಸಿವೆಯ ಲೇಹ, ಒಂದಕ್ಕೆ ದಿನಕ್ಕೆ ಎರಡು ಕಿತ್ತಳೆ, ಒಂದು ನಿಂಬೆ. ಹಣ್ಣು ಆರು ದಿನಕ್ಕೇ ಮುಗಿದುಹೋಯಿತು, ಆದರೂ ಆ ಜೋಡಿಯಲ್ಲಿ ಒಬ್ಬ ಅಷ್ಟರಲ್ಲೇ ಕೆಲಸಕ್ಕೆ ಎದ್ದು ನಿಂತ. ಇದನ್ನು ಹನ್ನೆರಡು ಚೀಟಿಗಳಾಗಿ ಬರೆದು ಮಕ್ಕಳ ಕೈಗೆ ಕೊಟ್ಟು, ಯಾವುದು ಗುಣ ಮಾಡಿತು, ಹೇಗೆ ಹೇಳುತ್ತೀರಿ ಎಂದು ಕೇಳಬಹುದು. ಹತ್ತು ವರ್ಷದ ಮಗು ಉತ್ತರ ಹೇಳುತ್ತದೆ. ಹೇಳಿದ ಮೇಲೆ ಇನ್ನೊಂದು ಪ್ರಶ್ನೆ: ಬ್ರಿಟಿಷ್ ನೌಕಾಪಡೆ ನಾವಿಕರಿಗೆ ನಿಂಬೆರಸ ಕೊಡಲು ನಿರ್ಧರಿಸಿದ್ದು 1795ರಲ್ಲಿ. ನಡುವಿನ 48 ವರ್ಷ ಏನು ಮಾಡುತ್ತಿದ್ದರು? ಈ ಪ್ರಶ್ನೆಗೆ ದೊಡ್ಡವರೂ ತಲೆ ಕೆರೆದುಕೊಳ್ಳಬೇಕು.

ಇನ್ನೂ ಒಂದು ಪ್ರಯೋಗ ಅಡುಗೆಮನೆಯಲ್ಲೇ ಆಗುತ್ತದೆ. ಕಾರ್ನ್ ಸ್ಟಾರ್ಚ್ ಬೇಯಿಸಿದ ತಿಳಿ ಗಂಜಿಗೆ ಒಂದೆರಡು ಹನಿ ಗಾಯದ ಅಯೋಡಿನ್ ಹಾಕಿದರೆ ಕಡುನೀಲಿಯಾಗುತ್ತದೆ. ಅದಕ್ಕೆ ನಿಂಬೆರಸವನ್ನು ಹನಿಹನಿಯಾಗಿ ಬೀಳಿಸುತ್ತ ಹೋದರೆ ನೀಲಿ ಮಾಯವಾಗುತ್ತದೆ. ಎಷ್ಟು ಹನಿಗೆ ಮಾಯವಾಯಿತೆಂದು ಎಣಿಸಬೇಕು. ರಸವನ್ನು ಚೆನ್ನಾಗಿ ಕುದಿಸಿ ಮತ್ತೆ ಮಾಡಿದರೆ ಹೆಚ್ಚು ಹನಿ ಬೇಕಾಗುತ್ತದೆ, ಏಕೆಂದರೆ ಸಿ ಜೀವಸತ್ವ ಕಾವಿಗೆ ಕೆಡುತ್ತದೆ. ಇಂಡಿಯನ್ ಸ್ಟೋರಿನಲ್ಲಿ ಸಿಗುವ ನೆಲ್ಲಿಕಾಯಿಯ ರಸವನ್ನೂ ಇದೇ ಪರೀಕ್ಷೆಗೆ ಒಡ್ಡಿ ನೋಡಲಿ. ದೊಡ್ಡವರು ಪಕ್ಕದಲ್ಲಿರಬೇಕು, ಆ ನೀಲಿ ಗಂಜಿಯನ್ನು ಯಾರೂ ಕುಡಿಯಬಾರದು. ಮಗು ಇಲ್ಲಿ ಯಾರ ಕಷ್ಟವನ್ನೂ ನಟಿಸಲಿಲ್ಲ. ಆ ಕಷ್ಟ ಏಕೆ ಬಂತೆಂದು ತನ್ನ ಕೈಯಿಂದಲೇ ತಿಳಿಯಿತು.

ಸಮುದ್ರಯಾನದ ವಿದ್ಯೆಗೂ ಇದೇ ಮಾತು. ಹಗ್ಗಕ್ಕೆ 47 ಅಡಿ 3 ಅಂಗುಲಕ್ಕೊಂದು ಗಂಟು ಹಾಕಿ, 28 ಸೆಕೆಂಡಿನಲ್ಲಿ ಎಷ್ಟು ಗಂಟು ಕೈ ದಾಟಿತು ಎಂದು ಎಣಿಸಿದರೆ ಹಡಗಿನ ವೇಗ ಸಿಗುತ್ತದೆ. "ನಾಟ್" ಎಂಬ ಅಳತೆಯ ಹೆಸರು ಬಂದದ್ದೇ ಈ ಗಂಟುಗಳಿಂದ. ಈ ಲೆಕ್ಕ ಮೇಫ್ಲವರಿಗಿಂತ ಈಚಿನದು, ಉಪಾಯ ಮಾತ್ರ ಆಗಲೂ ಅದೇ. ಶಾಲೆಯ ಮೈದಾನದಲ್ಲಿ ಒಬ್ಬ ಹುಡುಗ ಹಗ್ಗದ ತುದಿ ಹಿಡಿದು ನಡೆದರೆ ಸಾಕು. ಕೋನಮಾಪಕ, ಹೀರುಕೊಳವೆ, ದಾರ, ಒಂದು ನಟ್ಟು ಇದ್ದರೆ ಧ್ರುವ ನಕ್ಷತ್ರದ ಎತ್ತರ ಅಳೆದು ಅಕ್ಷಾಂಶ ಹೇಳಬಹುದು. ರೇಖಾಂಶ ಹೇಳಲು ಹೀಗೆ ಸುಲಭದ ದಾರಿಯಿಲ್ಲ. ಆಗಿನ ಕಪ್ತಾನರಿಗೂ ಇರಲಿಲ್ಲ ಎಂಬುದು ಮಗುವಿಗೆ ಆಗ ಹೊಳೆಯುತ್ತದೆ. ಹೋಗುವಾಗ 66 ದಿನ ಹಿಡಿದ ಅದೇ ಹಡಗು 1621ರ ಏಪ್ರಿಲಿನಲ್ಲಿ ಹೊರಟು ಸುಮಾರು ಒಂದೇ ತಿಂಗಳಲ್ಲಿ ಇಂಗ್ಲೆಂಡ್ ಸೇರಿತು, ಏಕೆ? ಗಾಳಿ ಬೆನ್ನಿಗಿತ್ತು, ಗಲ್ಫ್ ಸ್ಟ್ರೀಮ್ ಕೂಡ ಅತ್ತಲೇ ಹರಿಯುತ್ತದೆ. ಈ ಒಂದು ಪ್ರಶ್ನೆಯಲ್ಲಿ ಇರುವ ಭೂಗೋಳ ಹತ್ತು ಶೂ ಡಬ್ಬಿಗಳಲ್ಲಿ ಇಲ್ಲ.

ಶೂ ಡಬ್ಬಿಯ ಮಾತು ಬಂದದ್ದರಿಂದ ನಮ್ಮವರಿಗೂ ಒಂದು ಮಾತು. ನಮ್ಮ ಕೂಟದಲ್ಲಿ ಎಂಜಿನಿಯರ್ ಅಪ್ಪಂದಿರಿಗೆ ಕೊರತೆಯಿಲ್ಲ. ಮಗ ಒಂಬತ್ತು ಗಂಟೆಗೆ ಮಲಗುತ್ತಾನೆ. ಅಪ್ಪ ರಾತ್ರಿ ಒಂದರವರೆಗೆ ಕೂತು ಮೂರು ಕಂಬ, ಹಾಯಿ, ಏಣಿ ಸಮೇತ ಹಡಗು ಕಟ್ಟುತ್ತಾನೆ. ಮಾರನೆಯ ದಿನ ಅದಕ್ಕೆ ಬಹುಮಾನ. ಮಾಡಿ ಕಲಿತವರು ಯಾರು ಸ್ವಾಮಿ?

ಇನ್ನು ಆಟದಲ್ಲಿ ಯಾರಿಗೆ ಪಾತ್ರವೇ ಇಲ್ಲ ಎಂಬ ಪ್ರಶ್ನೆ. ನಮ್ಮ ಕೂಟದ ಒಂದು ಮನೆಯ ಹುಡುಗನಿಗೆ ತರಗತಿಯಲ್ಲಿ, "ನೀನು ಹೇಗೂ ಇಂಡಿಯನ್, ನೀನೇ ಇಂಡಿಯನ್ ಆಗು" ಎಂದು ಕಾಗದದ ಗರಿಗಳ ಕಿರೀಟ ತೊಡಿಸಿದರು. ಆ ತಾಯಿ ನಮ್ಮೆದುರು ನಕ್ಕೇ ಹೇಳಿದರು. ಆದರೆ ಹುಡುಗ ನಗಲಿಲ್ಲವಂತೆ. ತನಗೆ ಮಾತಿಲ್ಲ, ಬಾಗಿಲ ಹತ್ತಿರ ಜೋಳ ಹಿಡಿದು ನಿಲ್ಲುವುದಷ್ಟೇ ಕೆಲಸ ಎಂಬುದು ಅವನ ದೂರು. ಆ ದೂರು ವಿಮರ್ಶೆಯೇ ಸರಿ! ಆ ತೀರದ ವಾಂಪನೋಗ್ ಜನ ಅಂಥ ಗರಿ ಕಿರೀಟ ತೊಡುತ್ತಿದ್ದವರಲ್ಲ, ಅದು ದೂರದ ಬಯಲುಸೀಮೆಯ ಬುಡಕಟ್ಟುಗಳ ಉಡುಗೆ. ಅವರು ಮಾತಿಲ್ಲದವರೂ ಅಲ್ಲ.

ಸಮುದ್ರಯಾನ ಎಂದರೆ ಪೂರ್ವದಿಂದ ಪಶ್ಚಿಮಕ್ಕೆ ಬಂದದ್ದು ಮಾತ್ರವೆಂದು ಈ ಆಟ ಕಲಿಸುತ್ತದೆ. ಟಿಸ್‌ಕ್ವಾಂಟಂ, ಪುಸ್ತಕಗಳ ಸ್ಕ್ವಾಂಟೊ, ಪಟುಕ್ಸೆಟ್ ಎಂಬ ಊರಿನವನು. 1614ರಲ್ಲಿ ಥಾಮಸ್ ಹಂಟ್ ಎಂಬ ಇಂಗ್ಲಿಷ್ ಕಪ್ತಾನ ಅವನನ್ನೂ ಇತರರನ್ನೂ ಮೋಸದಿಂದ ಹಡಗಿಗೆ ಹತ್ತಿಸಿ, ಸ್ಪೇನಿನ ಮಾಲಗಕ್ಕೆ ಮಾರಲು ಒಯ್ದ. ಅಲ್ಲಿಂದ ಅವನು ಲಂಡನ್ ಸೇರಿ, ಇಂಗ್ಲಿಷ್ ಕಲಿತು, 1619ರಲ್ಲಿ ಊರಿಗೆ ಮರಳಿದ. ಊರೇ ಇರಲಿಲ್ಲ. 1616ರಿಂದ 1619ರ ನಡುವೆ ಆ ಕರಾವಳಿಯಲ್ಲಿ ಎದ್ದ ಸಾಂಕ್ರಾಮಿಕ ಪಟುಕ್ಸೆಟನ್ನು ಬರಿದು ಮಾಡಿತ್ತು. ಅದು ಯಾವ ರೋಗವೆಂದು ವೈದ್ಯರಲ್ಲಿ ಇಂದಿಗೂ ಒಮ್ಮತವಿಲ್ಲ. ಮೇಫ್ಲವರಿನವರು ಬಂದು ಮನೆ ಕಟ್ಟಿದ್ದು ಆ ಖಾಲಿ ಊರಿನ ಹದಗೊಂಡ ಹೊಲಗಳ ಮೇಲೆಯೇ.

ಇಲ್ಲಿ ವೈದ್ಯಶಾಸ್ತ್ರದ ಒಂದು ಸತ್ಯ ಮಕ್ಕಳಿಗೆ ತಿಳಿಯಬೇಕು. ಹೊಸ ರೋಗ ಹೊಕ್ಕ ಊರಿನಲ್ಲಿ ಎಲ್ಲರೂ ಒಟ್ಟಿಗೆ ಮಲಗುತ್ತಾರೆ. ಆಗ ನೀರು ತರುವವರಿಲ್ಲ, ಒಲೆ ಹಚ್ಚುವವರಿಲ್ಲ. ಅರ್ಧ ಜನ ರೋಗದಿಂದ ಸತ್ತರೆ ಉಳಿದವರು ಆರೈಕೆಯಿಲ್ಲದೆ ಸಾಯುತ್ತಾರೆ. ಮೇಫ್ಲವರಿನ ಚಳಿಗಾಲದಲ್ಲಿ ಆರೇಳು ಜನ ಎದ್ದು ನಿಂತಿದ್ದರು, ಅದರಿಂದ ಒಂದಷ್ಟು ಜನ ಉಳಿದರು. ಪಟುಕ್ಸೆಟಿನಲ್ಲಿ ಹಾಗೆ ನಿಲ್ಲುವವರೇ ಉಳಿಯಲಿಲ್ಲ. ಎರಡೂ ಒಂದೇ ನೆಲದ ಮೇಲೆ, ನಾಲ್ಕೇ ವರ್ಷಗಳ ಅಂತರದಲ್ಲಿ ನಡೆದವು. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಅದು ಪಾಠವಾಗುವುದಿಲ್ಲ.

ಆ ಊರಿನ ಬಯಲು ವಸ್ತುಸಂಗ್ರಹಾಲಯ 2020ರಲ್ಲಿ ತನ್ನ ಹೆಸರಿಗೆ ಪಟುಕ್ಸೆಟ್ ಸೇರಿಸಿಕೊಂಡು ಪ್ಲಿಮತ್ ಪಟುಕ್ಸೆಟ್ ಆಯಿತು. 1957ರಲ್ಲಿ ಇಂಗ್ಲೆಂಡಿನಿಂದ ಹಾಯಿ ಬಿಚ್ಚಿಕೊಂಡೇ ಬಂದ ಮೇಫ್ಲವರ್-2 ಎಂಬ ಪ್ರತಿಕೃತಿ ಅದೇ ಸಂಸ್ಥೆಯದು. ಅದೇ ಪ್ಲಿಮತ್‌ನಲ್ಲಿ 1970ರಿಂದ ಥ್ಯಾಂಕ್ಸ್‌ಗಿವಿಂಗ್ ದಿನ ಮೂಲನಿವಾಸಿಗಳು ಶೋಕದಿನ ಆಚರಿಸುತ್ತಾರೆ. ಸಂಗ್ರಹಾಲಯ ಹೆಸರು ಬದಲಿಸಬಹುದಾದರೆ ತರಗತಿಯ ಆಟ ಒಂದು ಅಂಕ ಸೇರಿಸಲಾರದೆ?

ಕೆಲವರು ಕೇಳಬಹುದು: ಹತ್ತು ವರ್ಷದ ಮಕ್ಕಳಿಗೆ ಇಷ್ಟೊಂದು ಸಾವಿನ ಮಾತು ಏಕೆ? ಇಪ್ಪತ್ತೈದು ಮಕ್ಕಳನ್ನು ಒಬ್ಬರೇ ಸಂಭಾಳಿಸುವ ಟೀಚರಿಗೆ ಪರೀಕ್ಷೆಯ ಒತ್ತಡದ ನಡುವೆ ಇದೆಲ್ಲ ಸಾಧ್ಯವೇ? ಎರಡೂ ನ್ಯಾಯವಾದ ಪ್ರಶ್ನೆ. ಎರಡನೆಯದಕ್ಕೆ ಉತ್ತರ ಸುಲಭ. ನಾವು ಹೇಳಿದ ಹಗ್ಗ, ದಾರ, ಗಂಜಿಗೆ ಶೂ ಡಬ್ಬಿಗಿಂತ ಕಡಿಮೆ ಸಮಯ ಸಾಕು, ಅಪ್ಪನ ನಿದ್ದೆಯೂ ಉಳಿಯುತ್ತದೆ. ಮೊದಲನೆಯದಕ್ಕೆ ನಮ್ಮ ವೃತ್ತಿಯ ಅನುಭವ ಹೇಳುತ್ತೇವೆ. ಮಕ್ಕಳು ಸತ್ಯಕ್ಕೆ ಹೆದರುವುದಕ್ಕಿಂತ, ದೊಡ್ಡವರು ಏನೋ ಮುಚ್ಚಿಡುತ್ತಿದ್ದಾರೆ ಎಂಬುದಕ್ಕೆ ಹೆಚ್ಚು ಹೆದರುತ್ತಾರೆ. ಅಳತೆ ಮೀರದೆ, ಬೆಡಗಿಲ್ಲದೆ ಹೇಳಿದರೆ ಕೇಳಿಸಿಕೊಳ್ಳುತ್ತಾರೆ. ಮೇಫ್ಲವರಿನಲ್ಲಿ ಮೋರ್ ಎಂಬ ಮನೆತನದ ನಾಲ್ವರು ಮಕ್ಕಳಿದ್ದರು, ನಾಲ್ಕರಿಂದ ಎಂಟು ವರ್ಷದವರು. ಅಪ್ಪ ಅವರನ್ನು ಬೇರೆಯವರ ವಶಕ್ಕೆ ಕೊಟ್ಟು ಹಡಗು ಹತ್ತಿಸಿದ್ದ. ತಾಯಿತಂದೆ ಜೊತೆಗಿಲ್ಲ. ಮೂವರು ಆ ಮೊದಲ ಚಳಿಗಾಲದಲ್ಲೇ ತೀರಿಕೊಂಡರು. ಉಳಿದ ರಿಚರ್ಡ್ ಮುಂದೆ ತಾನೇ ಹಡಗಿನ ಕಪ್ತಾನನಾದ. ಈ ನಾಲ್ವರ ಹೆಸರು ಕೇಳಿದ ತರಗತಿ ದಿನಚರಿ ಬರೆಯುವಾಗ, "ಇವತ್ತು ತಿಮಿಂಗಿಲ ನೋಡಿದೆ, ತುಂಬಾ ಮಜಾ ಬಂತು" ಎಂದಷ್ಟೇ ಬರೆಯುವುದಿಲ್ಲ.

ನಮ್ಮ ಭಾನುವಾರದ ಕನ್ನಡ ಶಾಲೆಗೂ ಇದು ಸಲ್ಲುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ ವರ್ಷಗಟ್ಟಲೆ ನೆಲೆಸಿದ್ದ. ಏಡನ್ನಿನ ಜೊತೆ ಅವನ ವ್ಯಾಪಾರ. ಅವನ ಗುಲಾಮನೂ ಪ್ರತಿನಿಧಿಯೂ ಆಗಿದ್ದವನು ಆ ಕಡಲು ದಾಟಿ ಏಡನ್ನಿಗೆ ಹೋಗಿಬಂದದ್ದು ಕೈರೋದ ಗೆನೀಜಾ ಕಾಗದಗಳಲ್ಲಿ ಉಳಿದಿದೆ. ಅಮಿತಾವ್ ಘೋಷ್ ಅವರು 1992ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಕಥೆಯನ್ನು ಹೇಳಿ, ಆ ಗುಲಾಮನ ಹೆಸರು ಬೊಮ್ಮ ಎಂದು ವಾದಿಸಿದ್ದಾರೆ. ಮುಂಗಾರಿನ ಗಾಳಿ ಯಾವ ತಿಂಗಳು ಯಾವ ಕಡೆಗೆ ಎಂದು ನಕ್ಷೆಯ ಮೇಲೆ ಬಾಣ ಬರೆಸಿ, ಮಂಗಳೂರಿನಿಂದ ಏಡನ್ನಿಗೆ ಯಾವಾಗ ಹೊರಡಬೇಕೆಂದು ನಮ್ಮ ಮಕ್ಕಳನ್ನೇ ಕೇಳಬಹುದು. ಸಮುದ್ರ ದಾಟಿದವರು ಬರೀ ಟೋಪಿಯ ಜನವಲ್ಲ, ದಾಟಿದವರೆಲ್ಲ ತಾವಾಗಿಯೇ ದಾಟಿದವರೂ ಅಲ್ಲ ಎಂಬುದು ಆಗ ಯಾರೂ ಹೇಳದೆಯೇ ತಿಳಿಯುತ್ತದೆ.

ನಮ್ಮ ತೀರ್ಪು ಇಷ್ಟು: ಟೇಪ್ ಇರಲಿ, ಬಿಸ್ಕತ್ತೂ ಇರಲಿ. ಗರಿ ಕಿರೀಟ ಹೋಗಲಿ. "ನೆಲ ಕಂಡಿತು" ಎಂಬುದು ಮೊದಲ ಅಂಕದ ಕೊನೆಯಾಗಲಿ, ಎರಡನೆಯ ಅಂಕದಲ್ಲಿ ಚಳಿಗಾಲವೂ ಪಟುಕ್ಸೆಟ್ಟೂ ಬರಲಿ. ಇದನ್ನು ಟೀಚರಿಗೆ ಹೇಳಲು ಪೋಷಕರಾದ ನಮಗೆ ಹಕ್ಕಿದೆ. ದೂರು ಕೊಡುವ ದನಿಯಲ್ಲಿ ಬೇಡ, ಒಂದು ಮಧ್ಯಾಹ್ನ ಬಂದು ಸಹಾಯ ಮಾಡುತ್ತೇವೆ ಎಂದು ಹೇಳಿದರೆ ಬಾಗಿಲು ತೆರೆಯುತ್ತದೆ.

ಗಂಟು ಹಾಕಿದ ಹಗ್ಗ, 28 ಸೆಕೆಂಡಿನ ಮರಳು ಗಡಿಯಾರ, ಲಿಂಡ್ ಪ್ರಯೋಗದ ಹನ್ನೆರಡು ಚೀಟಿಗಳನ್ನು ಕೂಟದ ಕಪಾಟಿನ ಕೆಳಗಿನ ಅರೆಯಲ್ಲಿ ಇಟ್ಟಿದ್ದೇವೆ. ಬೇಕಾದವರು ಕೊಂಡೊಯ್ಯಿರಿ, ವಾಪಸ್ ತಂದಿಡಿ. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಿರಿ.